ಕೇಳದೇ ಉಳಿದ ರಜೆ

ಅರಬರ ನಾಡಿನ ಅಲ್ ಖರ್ಜಿನಲ್ಲಿ ಹಾಲಿನ ಫಾರ್ಮುಗಳನ್ನು ದಾಟಿ ಹೋದರೆ, ಖರ್ಜೂರದ ತೋಟದ ಬೇಲಿ ಮುಗಿಯುವಲ್ಲಿ ಶೇಖ್ ಅಬ್ದುಲ್ ಹಕೀಮರ ಕುದುರೆ ಲಾಯ. ಲಾಯದ ಹಿಂದೆ ಒಂದು ಬಿಳಿ ಬಂಗಲೆ. ಆ ಬಂಗಲೆಯ ಊಟದ ಕೋಣೆಯಲ್ಲಿ, ಬಾಗಿಲ ಪಕ್ಕ, ಗೋಡೆಗೆ ಬೆನ್ನು ತಾಗಿಸದೆ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಲಾಜರಸ್ ಮಥಾಯಸ್ ತನ್ನ ಆಯುಷ್ಯದ ಒಳ್ಳೆಯ ಪಾಲನ್ನು ನಿಂತೇ ಕಳೆದ. ನಿಲ್ಲುವುದೂ ಒಂದು ಕೆಲಸವೇ ಎಂದು ನಗುವವರು ಒಂದು ದಿನ ಹಾಗೆ ನಿಂತು ನೋಡಲಿ. ಕೆಮ್ಮಬಾರದು, ಕಾಲು ಬದಲಿಸಬಾರದು, ಎದುರಿಗೆ ಕೂತವರ ಮಾತು ಕೇಳಿಸಿದರೂ ಮುಖದಲ್ಲಿ ಕಾಣಿಸಬಾರದು.

ಅವನು ಉಡುಪಿ ಹತ್ತಿರದ ಕಲ್ಯಾಣಪುರದವನು. ಹತ್ತನೆಯ ಕ್ಲಾಸು ಮುಗಿದದ್ದೇ ಮುಂಬಯಿಯ ಹೋಟೆಲಿಗೆ ಹೋದ, ಅಲ್ಲಿಂದ ಸಮುದ್ರ ದಾಟಿ ರಾಬಿಗ್‌ನ ರಿಫೈನರಿ ಕ್ಯಾಂಪಿನ ಮೆಸ್ಸಿಗೆ ಬಂದ. ನಡುವೆ ಸೆಲೆಸ್ಟಿನ್ ಜೊತೆ ಮದುವೆಯಾಯಿತು, ಹ್ಯಾಝೆಲ್ ಹುಟ್ಟಿದಳು. ಮೆಸ್ಸಿನಲ್ಲಿ ಸಾವಿರಾರು ಮಂದಿಗೆ ಅನ್ನ ಬಡಿಸಿ ಸುಸ್ತಾಗಿದ್ದಾಗ, ಅಲ್ ಖರ್ಜಿನಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಮನೆಗೆ ಜನ ಬೇಕಂತೆ ಎಂಬ ಸುದ್ದಿ ಬಂತು.

ದೊರೆಯ ಹೆಸರು ಸರ್ ಲಯನೆಲ್. ಅವರೇ ಎದುರು ಕೂರಿಸಿಕೊಂಡು ಒಬ್ಬೊಬ್ಬರನ್ನೂ ಮಾತಾಡಿಸಿದರು. ಉಳಿದವರೆಲ್ಲ ಸಂಬಳ ಎಷ್ಟು, ರೂಮು ಎಲ್ಲಿ, ಊರಿಗೆ ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ಲಾಜರಸ್ ಏನೂ ಕೇಳಲಿಲ್ಲ. ಅದರಲ್ಲಿ ದೊಡ್ಡತನವೇನೂ ಇರಲಿಲ್ಲ. ಅಂಥ ಇಂಗ್ಲಿಷ್ ಕೇಳಿ ಅವನ ನಾಲಿಗೆ ಒಣಗಿಹೋಗಿತ್ತು, ಅಷ್ಟೆ. ಸರ್ ಅವನನ್ನೇ ಸ್ವಲ್ಪ ಹೊತ್ತು ನೋಡಿ, "ಇವನು ಸಾಕು" ಅಂದರು. ಹೆದರಿಕೆಗೆ ಸಿಕ್ಕಿದ ನೌಕರಿಯನ್ನು ಲಾಜರಸ್ ತನ್ನ ಗುಣಕ್ಕೆ ಸಿಕ್ಕಿದ್ದು ಎಂದೇ ನಂಬಿಕೊಂಡ.

ಸರ್ ಲಯನೆಲ್ ಇಂಗ್ಲೆಂಡಿನಲ್ಲಿ 'ಅರ್ಲ್' ಎಂಬ ದೊಡ್ಡ ಪದವಿ ಇದ್ದವರೊಬ್ಬರ ಮೂರನೆಯ ಮಗ. ಅವರ ಕಡೆಯ ಪದ್ಧತಿಯಲ್ಲಿ ಮನೆ, ಜಮೀನು, ಪದವಿ ಎಲ್ಲ ಹಿರಿಯ ಮಗನಿಗೆ. ಮೂರನೆಯವನಿಗೆ ಸಿಗುವುದು ಮನೆತನದ ಹೆಸರು, ಮೂಗಿನ ಮೇಲಿನ ಗತ್ತು. ಅವರು ಸೈನ್ಯಕ್ಕೆ ಸೇರಿದರು, ಅಲ್ಲಿಂದ ಲಂಡನ್ನಿನ ಅರಮನೆಗೆ ಹೋದರು. ಅಲ್ಲಿ ಅವರ ಕೆಲಸವೇನೆಂದು ಲಾಜರಸ್‌ಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ರಾಜಮನೆತನದವರು ಹೋದಲ್ಲೆಲ್ಲ ಸ್ವಲ್ಪ ಹಿಂದೆ ಉಳಿದು ನಡೆಯುವುದು, ಜನ ಕೊಟ್ಟ ಹೂವನ್ನು ಇಸಿದುಕೊಂಡು ಹಿಡಿಯುವುದು, ಮುಂದೆ ಕೈಕುಲುಕಬೇಕಾದವರ ಹೆಸರನ್ನು ಮೆಲ್ಲಗೆ ಹೇಳುವುದು, ಮೊದಲ ಹನಿ ಬೀಳುವ ಮುಂಚೆ ಕೊಡೆ ಬಿಚ್ಚುವುದು. ಒಂದು ದಿನ ಸರ್ ಇದನ್ನೆಲ್ಲ ಬಿಡಿಸಿ ಹೇಳಿದಾಗ ಲಾಜರಸ್‌ಗೆ ಒಳಗೊಳಗೇ ಹಿಗ್ಗು. ಹಾಗಾದರೆ ಇದು ನನ್ನದೇ ಕೆಲಸ ಎಂದುಕೊಂಡ. ಬಾಯಿ ಬಿಟ್ಟು ಹೇಳಲಿಲ್ಲ.

ಅರಮನೆಯಿಂದ ನಿವೃತ್ತರಾದ ಮೇಲೆ ಅವರನ್ನು ಶೇಖ್ ಅಬ್ದುಲ್ ಹಕೀಮ್ ಕರೆಸಿಕೊಂಡಿದ್ದರು. ಶೇಖರಿಗೆ ಕುದುರೆಗಳ ಹುಚ್ಚು, ವಿದೇಶದಿಂದ ದೊಡ್ಡವರನ್ನು ಕರೆದು ಕುದುರೆ ತೋರಿಸುವ ಹುಚ್ಚು. ಬಂದವರನ್ನು ಯಾರು ಎದುರುಗೊಳ್ಳಬೇಕು, ಯಾರ ಪಕ್ಕ ಯಾರು ಕೂರಬೇಕು ಎಂದು ನೋಡಿಕೊಳ್ಳಲು ಸರ್ ಬೇಕಿತ್ತು. ಸರ್‌ಗೆ ಲಾಜರಸ್ ಬೇಕಿತ್ತು. ಲಾಜರಸ್‌ನ ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಶೇಖರ ಕಂಪೆನಿಯ ಹೆಸರಲ್ಲಿದ್ದರೂ ಅವನ ವಿಷಯದಲ್ಲಿ ಶೇಖರದು ಒಂದೇ ಮಾತು: ಸರ್ ಹೇಳಿದರೆ ಆಯಿತು.

ಬಂದ ಹೊಸತರಲ್ಲಿ ಲಾಜರಸ್ ಒಮ್ಮೆ ರಜೆ ಕೇಳಿದ್ದ. ಸರ್ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ, "ಅರಮನೆಯಲ್ಲಿ ನಾನು ಯಾವತ್ತೂ ಏನನ್ನೂ ಕೇಳಲಿಲ್ಲ, ಲಾಜರಸ್. ನಮ್ಮಂಥವರು ಕೇಳುವುದಿಲ್ಲ. ಕೊಡಬೇಕಾದ್ದನ್ನು ಅವರೇ ಕೊಡುತ್ತಾರೆ" ಎಂದರು. 'ನಮ್ಮಂಥವರು' ಎಂದು ಅವರು ತನ್ನನ್ನೂ ಸೇರಿಸಿಕೊಂಡದ್ದು ಲಾಜರಸ್‌ನ ತಲೆಗೆ ಹತ್ತಿತು. ಅವರು ಹೇಳಿದ ಹಾಗೆಯೇ ಆಯಿತು ಕೂಡ. ಜುಲೈ ಬಂದರೆ ಸರ್ ಇಂಗ್ಲೆಂಡಿಗೆ ಹೊರಡುತ್ತಿದ್ದರು, ಹೊರಡುವಾಗ "ನೀನೂ ಮನೆಗೆ ಹೋಗಿ ಬಾ" ಎನ್ನುತ್ತಿದ್ದರು. ಕಲ್ಯಾಣಪುರದ ಮಳೆಯಲ್ಲಿ ಪ್ರತಿ ಜುಲೈಗೂ ಹ್ಯಾಝೆಲ್ ಅವನಿಗೆ ಇನ್ನಷ್ಟು ಉದ್ದವಾಗಿ ಸಿಗುತ್ತಿದ್ದಳು.

ಒಂದು ಕ್ರಿಸ್ಮಸ್ ದಿನ, ಟೀ ಕುಡಿಯುತ್ತಾ, ಸರ್ ತಮ್ಮ ಹೆಂಡತಿಯ ವಿಷಯ ಹೇಳಿದರು. ಲೇಡಿ ಫಿಲಿಪಾ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುವಾಗ ಅವರು ರಾಜಪರಿವಾರದ ಜೊತೆ ಪ್ರವಾಸದಲ್ಲಿದ್ದರು, ಸಮುದ್ರದ ಆಚೆ ಎಲ್ಲೋ. ಸರ್ ಒಂದು ಮಾತು ಹೇಳಿದ್ದರೆ ಅರಮನೆಯವರೇ ವಿಮಾನ ಹತ್ತಿಸುತ್ತಿದ್ದರು. ಹೇಳಲಿಲ್ಲ. ಪ್ರವಾಸ ಮುಗಿಸಿಕೊಂಡು ಮನೆಗೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಕೇಳಿದರೆ ಹೊಟ್ಟೆ ಉರಿಯಬೇಕಾದ ಕಥೆ ಅದು. ಲಾಜರಸ್ ಮಾತ್ರ ಸಂತರ ಚರಿತ್ರೆ ಕೇಳಿದ ಹಾಗೆ ಕೈಕಟ್ಟಿ ಕೇಳಿದ, ಮರುದಿನ ಡ್ರೈವರ್ ಅಯ್ಯೂಬ್‌ನಿಗೆ ಹೆಮ್ಮೆಯಿಂದ ಹೇಳಿದ.

ಅಯ್ಯೂಬ್ ಉಳ್ಳಾಲದ ಬ್ಯಾರಿ ಮುಸಲ್ಮಾನ. ಬಾಯಿಗೆ ಬೀಗ ಇಲ್ಲದ ಮನುಷ್ಯ. ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಲಾಜರಸ್‌ನನ್ನು 'ಪೊರ್ಬುಗಳೇ' ಎಂದೇ ಕರೆಯುತ್ತಿದ್ದ. ಶೇಖರ ಅತಿಥಿಗಳ ಎದುರಿಂದ ಲಾಜರಸ್ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೊರಬರುವುದನ್ನು ನೋಡಿ ಅವನಿಗೆ 'ರಿವರ್ಸ್ ಗೇರ್' ಎಂದು ಹೆಸರಿಟ್ಟವನೂ ಅವನೇ.

ಕಥೆ ಕೇಳಿ ಅಯ್ಯೂಬ್ ನಗಲಿಲ್ಲ. "ಹೆಂಡ್ತಿ ಸಾಯುವಾಗ ಸಹ ಕೇಳ್ಲಿಲ್ವಾ? ಇದರಲ್ಲಿ ದೊಡ್ಡಸ್ತಿಕೆ ಎಂತ ಉಂಟು ಮಾರಾಯ್ರೇ? ಆ ಹೆಂಗಸು ಬಾಗಿಲು ನೋಡ್ತಾ ಮಲಗಿರ್ಲಿಕ್ಕಿಲ್ವಾ?" ಎಂದು ಕೇಳಿದ.

"ನಿಂಗೆ ಅದೆಲ್ಲ ಅರ್ಥ ಆಗುದಿಲ್ಲ" ಎಂದು ಲಾಜರಸ್ ಮುಖ ಊದಿಸಿಕೊಂಡು ಒಳಗೆ ಹೋದ.

ಹೀಗೆ ವರ್ಷಗಳು ಹೋದವು. ಸರ್‌ಗೆ ಎಂಬತ್ತು ದಾಟಿತು, ಮಂಡಿ ಸೋತಿತು. ಇಂಗ್ಲೆಂಡಿನಲ್ಲಿದ್ದ ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರನ್ನು ಕಾಯುವವರೂ ಇರಲಿಲ್ಲ. ಅವರು ಜುಲೈಯಲ್ಲಿ ಹೊರಡುವುದನ್ನು ಬಿಟ್ಟರು. ಅವರು ಹೊರಡದಿದ್ದರೆ "ನೀನೂ ಹೋಗಿ ಬಾ" ಎಂಬ ಮಾತು ಎಲ್ಲಿಂದ ಬರಬೇಕು? ಲಾಜರಸ್‌ನ ರಜೆಯೂ ಅಲ್ಲಿಗೆ ನಿಂತಿತು. ಎರಡು ಜುಲೈ ಹಾಗೆಯೇ ದಾಟಿದ ಮೇಲೆ ಸೆಲೆಸ್ಟಿನ್ ಫೋನು ಮಾಡಿದಳು: ಹ್ಯಾಝೆಲ್‌ಗೆ ಸಂಬಂಧ ಗಟ್ಟಿಯಾಗಿದೆ, ಹುಡುಗ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾನೆ, ಜನವರಿಯಲ್ಲಿ ಮದುವೆ.

"ನೀವು ಕ್ರಿಸ್ಮಸ್‌ಗೇ ಬಂದ್ಬಿಡಿ. ರೋಸ್‌ಗೆ ಅಪ್ಪ ಇಲ್ಲದಿದ್ರೆ ಆಗುದಿಲ್ಲ" ಎಂದಳು.

ರೋಸ್ ಎಂದರೆ ಮದುವೆಯ ಹಿಂದಿನ ದಿನದ ಶಾಸ್ತ್ರ. ಚಪ್ಪರದಡಿ ಮದುಮಗಳನ್ನು ಕೂರಿಸಿ, ಹೆಂಗಸರು ಕೊಂಕಣಿಯಲ್ಲಿ ಹಾಡು ಹೇಳುತ್ತಿರುವಾಗ, ತಂದೆ ತಾಯಿ ಮೊದಲು ತಲೆಗೆ ಎಣ್ಣೆ ಮುಟ್ಟಿಸಿ ತೆಂಗಿನ ಹಾಲು ಹಚ್ಚಬೇಕು. ಆಮೇಲೆಯೇ ಉಳಿದವರ ಸರದಿ. ಮಗಳು ಮನೆಯವಳಾಗಿ ತಂದೆಯ ಕೈಯಿಂದ ಪಡೆಯುವ ಕೊನೆಯ ಮುಟ್ಟು ಅದು. ಹ್ಯಾಝೆಲ್‌ಳನ್ನು ಎತ್ತಿ ಆಡಿಸುವ ಕಾಲದಲ್ಲಿ ಲಾಜರಸ್ ಊರಲ್ಲಿರಲಿಲ್ಲ, ಶಾಲೆಗೆ ಕರೆದುಕೊಂಡು ಹೋಗಲೂ ಇರಲಿಲ್ಲ. ಈ ಒಂದಕ್ಕಾದರೂ ಇರಬೇಕೆಂದು ಅವನ ಜೀವ ಒದ್ದಾಡಿತು.

"ಬರ್ತೇನೆ" ಎಂದ.

ಬರುವುದಕ್ಕೆ ಒಂದು ಮಾತು ಕೇಳಬೇಕಿತ್ತು. ಬೆಳಿಗ್ಗೆ ಟ್ರೇ ಹಿಡಿದು ಹೋಗುವಾಗ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಸರ್ ಪೇಪರಿನಿಂದ ತಲೆಯೆತ್ತಿ "ಗುಡ್ ಮಾರ್ನಿಂಗ್, ಲಾಜರಸ್" ಎಂದದ್ದೇ ಅದು ಒಳಗೆ ಇಳಿದುಹೋಗುತ್ತಿತ್ತು. ಇಷ್ಟು ವರ್ಷ ಕೇಳದೇ ಗಳಿಸಿದ್ದನ್ನು ಈಗ ಕೇಳಿ ಕಳೆದುಕೊಳ್ಳುವುದೇ ಎಂಬ ಯೋಚನೆ ಬೇರೆ. ಸರ್‌ಗೆ ಗೊತ್ತಾದರೆ ಅವರೇ ಹೇಳುತ್ತಾರೆ, ಗೊತ್ತಾಗುವ ಹಾಗೆ ಮಾಡಿದರೆ ಸಾಕು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ನವೆಂಬರಿನಲ್ಲಿ ಮದುವೆಯ ಕಾಗದ ಅಚ್ಚಾಗಿ, ಊರಿಂದ ಬಂದ ಯಾರದೋ ಕೈಯಲ್ಲಿ ಅವನಿಗೆ ತಲುಪಿತು. ಅದನ್ನು ಬೆಳಗಿನ ಟ್ರೇಯಲ್ಲಿ, ಟೋಸ್ಟಿನ ಪಕ್ಕ ಇಟ್ಟ.

ಸರ್ ಕನ್ನಡಕ ಹಾಕಿಕೊಂಡು ಓದಿದರು. "ಬಹಳ ಚಂದ ಇದೆ. ನಿನಗೆ ಅಭಿನಂದನೆಗಳು" ಎಂದರು. ಎದ್ದು, ಮಂಡಿ ನೋವಿನಲ್ಲೇ ನಡೆದು ಹೋಗಿ, ಅರಮನೆಯ ಹಳೆಯ ಆಮಂತ್ರಣಗಳನ್ನು ಜೋಡಿಸಿಟ್ಟ ಕಪಾಟಿನಲ್ಲಿ ಅವುಗಳ ಜೊತೆಗೇ ಅದನ್ನೂ ನಿಲ್ಲಿಸಿದರು. ಮತ್ತೆ ಬಂದು ಟೋಸ್ಟಿಗೆ ಬೆಣ್ಣೆ ಸವರಿದರು. ಲಾಜರಸ್ ಬಾಗಿಲ ಪಕ್ಕ ಕಾದ. ಸರ್ ಚಳಿಯ ಬಗ್ಗೆ ಮಾತಾಡಿದರು.

ಅಯ್ಯೂಬ್‌ಗೆ ತಡೆಯಲಾಗಲಿಲ್ಲ. ಅವನು ಡಿಸೆಂಬರಿನಲ್ಲಿ ಊರಿಗೆ ಹೊರಟಿದ್ದ. "ನಾನು ಕೇಳ್ತೇನೆ ಪೊರ್ಬುಗಳೇ. ನನಗೆಂತ ನಾಚಿಕೆ? ಯಲ್ಲಾ, ಈಗ್ಲೇ ಹೋಗಿ ಹೇಳ್ತೇನೆ" ಎಂದು ಅರಬಿ ಬೆರೆಸಿ ಅವಸರಪಡಿಸಿದ.

"ಬೇಡ. ನನ್ನ ಪರ ನೀನು ಬಾಯಿ ಹಾಕುದು ಬೇಡ. ಅವರೇ ಹೇಳ್ತಾರೆ."

"ಅವರು ಹೇಳ್ಲಿಕ್ಕೆ ಅವರಿಗೆ ಮಕ್ಕಳುಂಟಾ? ಮಗಳ ಮದುವೆ ಅಂದ್ರೆ ಎಂತ ಅಂತ ಅವರಿಗೆ ಗೊತ್ತುಂಟಾ? ನಿಮಗೆ ದೇವರು ಬಾಯಿ ಕೊಟ್ಟದ್ದು ಎಂತಕ್ಕೆ?"

ಲಾಜರಸ್ ಚಮಚಗಳನ್ನು ಒರೆಸಲು ಒಳಗೆ ಹೋದ. ಅಯ್ಯೂಬ್ ಊರಿಗೆ ಹೊರಟುಹೋದ. ಕ್ರಿಸ್ಮಸ್ ಬಂತು, ಸೆಲೆಸ್ಟಿನ್ ದಿನಾ ಫೋನು ಮಾಡತೊಡಗಿದಳು. ಟಿಕೇಟು ಆಯಿತಾ, ರಜೆ ಸಿಕ್ಕಿತಾ, ಕೋಟು ಹೊಲಿಸುವುದಕ್ಕೆ ಅಳತೆ ಕೊಡುವುದು ಯಾವಾಗ. ಉತ್ತರ ಹೇಳಿ ಹೇಳಿ ಸಾಕಾಗಿ, ಒಂದು ಮಧ್ಯಾಹ್ನ ಲಾಜರಸ್ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: "ಸರ್ ಆಗುದಿಲ್ಲ ಅಂದ್ರು, ಸೆಲ್ಲಿ."

ಸೆಲೆಸ್ಟಿನ್ ಹೊಟ್ಟೆಯಲ್ಲಿದ್ದ ಸಂಕಟವನ್ನೆಲ್ಲ ಕಾರಿಕೊಂಡಳು. "ಅವನಿಗೆ ಒಳ್ಳೇದಾಗ್ಲಿಕ್ಕಿಲ್ಲ! ಇಷ್ಟು ವರ್ಷ ಅವನ ಎಂಜಲು ಬಟ್ಟಲು ತೆಗೆದಿರಿ, ಒಂದು ವಾರ ಬಿಡ್ಲಿಕ್ಕಾಗುದಿಲ್ವಾ? ಎಂತ ಕಲ್ಲು ಮನುಷ್ಯ ಅವನು!"

ಅವಳು ಬೈದಷ್ಟೂ ಲಾಜರಸ್‌ಗೆ ಹಗುರಾಯಿತು. ಬೈಗುಳ ತನಗೆ ಬೀಳುತ್ತಿಲ್ಲವಲ್ಲ. ಒಂದು ಸುಳ್ಳಿಗೆ ಎಷ್ಟೊಂದು ಸುಖ ಇರುತ್ತದೆ ಎಂದು ಅವನಿಗೆ ಅವತ್ತು ಗೊತ್ತಾಯಿತು. ಆ ಸುಖ ಸಂಜೆಯ ತನಕವೂ ಉಳಿಯಲಿಲ್ಲ, ಆ ಮಾತು ಬೇರೆ.

ರೋಸ್ ದಿನ ಅಲ್ ಖರ್ಜಿನಲ್ಲಿ ಧೂಳುಗಾಳಿ. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು, ಹಾಲಿನ ಫಾರ್ಮುಗಳ ಸಗಣಿ ವಾಸನೆ ಕಿಟಕಿ ಮುಚ್ಚಿದರೂ ಒಳಗೆ ಬರುತ್ತಿತ್ತು. ಕಲ್ಯಾಣಪುರದಲ್ಲಿ ದೀಪ ಹಚ್ಚಿ ಚಪ್ಪರದಡಿ ಜನ ಸೇರುವ ಹೊತ್ತು ಇಲ್ಲಿ ಸರ್ ಅವರ ಟೀ ಹೊತ್ತು. ಲಾಜರಸ್ ಟೀ ಕೊಟ್ಟು ತನ್ನ ಜಾಗದಲ್ಲಿ ನಿಂತ. ಜೇಬಿನಲ್ಲಿ ಫೋನು ಗುರುಗುಟ್ಟಿತು. ನಿಂತಿತು. ಮತ್ತೆ ಗುರುಗುಟ್ಟಿತು. ಮಗಳು ಎಣ್ಣೆ ಹಚ್ಚಿಸಿಕೊಳ್ಳುವ ಮೊದಲು ಅಪ್ಪನ ಮುಖವನ್ನು ಪರದೆಯಲ್ಲಾದರೂ ನೋಡಬೇಕೆಂದು ಕರೆಯುತ್ತಿದ್ದಾಳೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸರ್ ಕಪ್ಪಿನ ಮೇಲಿಂದ ಅವನನ್ನೇ ನೋಡುತ್ತಿದ್ದರು. ಆ ಸದ್ದು ಅವರಿಗೂ ಕೇಳಿಸಿತ್ತು. ಈಗ ಹೇಳುತ್ತಾರೆ, 'ಫೋನು ತೆಗೆದುಕೋ' ಎಂದಾದರೂ ಹೇಳುತ್ತಾರೆ ಎಂದು ಲಾಜರಸ್ ಅವರ ತುಟಿಯನ್ನೇ ನೋಡಿದ. ಸರ್ ಖಾಲಿ ಕಪ್ಪನ್ನು ಮುಂದೆ ಸರಿಸಿದರು. ಲಾಜರಸ್ ಬಂದು ಇನ್ನೊಮ್ಮೆ ಟೀ ಬಗ್ಗಿಸಿದ. ಒಂದು ತೊಟ್ಟೂ ತಟ್ಟೆಗೆ ಚೆಲ್ಲಲಿಲ್ಲ. ಫೋನು ಸುಮ್ಮನಾಯಿತು.

ಆಮೇಲೆ ಅಡುಗೆಮನೆಯಲ್ಲಿ ವಿಡಿಯೋ ನೋಡಿದ. ಸೆಲೆಸ್ಟಿನ್‌ಳ ತಮ್ಮ ಜೀತನ್ ಅಪ್ಪನ ಜಾಗದಲ್ಲಿ ಕೂತು ಹ್ಯಾಝೆಲ್ ತಲೆಗೆ ಎಣ್ಣೆ ಮುಟ್ಟಿಸುತ್ತಿದ್ದ. ತೆಂಗಿನ ಹಾಲು ಕೆನ್ನೆಯಿಂದ ಇಳಿಯುವಾಗ ಅವಳು ನಗುತ್ತಿದ್ದಳು. ನಗುನಗುತ್ತಲೇ ಒಮ್ಮೆ ಕ್ಯಾಮೆರಾದ ಕಡೆ ನೋಡಿ ತಕ್ಷಣ ಮುಖ ತಿರುಗಿಸಿಕೊಂಡಳು. ಮರುದಿನ ಇಗರ್ಜಿಯಲ್ಲಿ ಅವಳನ್ನು ಕೈಹಿಡಿದು ನಡೆಸಿದವನೂ ಜೀತನ್ನೇ. ಮದುವೆ ಚೆನ್ನಾಗಿಯೇ ಆಯಿತು ಎಂದು ಎಲ್ಲರೂ ಹೇಳಿದರು.

ಮದುವೆಯ ಮರುದಿನ ಬೆಳಿಗ್ಗೆ ಲಾಜರಸ್ ಟ್ರೇ ಇಟ್ಟು ಹಿಂದೆ ಸರಿಯುವಾಗ ಸರ್ ಅವನನ್ನು ಕರೆದರು.

"ನಿನ್ನೆ ನಿನ್ನ ಮಗಳ ಮದುವೆ."

"ಹೌದು ಸರ್."

"ಅಯ್ಯೂಬ್ ಹೋಗುವ ಮೊದಲು ಶೇಖರ ಆಫೀಸಿನ ತಮೀಮ್‌ಗೆ ಎಲ್ಲ ಹೇಳಿ ಹೋಗಿದ್ದ. ತಮೀಮ್ ನನ್ನ ಹತ್ತಿರ ಬಂದ. ನೀನು ಊರಿಗೆ ಹೋಗಿ ಬರುವ ವೀಸಾ, ಟಿಕೇಟು ಎಲ್ಲ ಡಿಸೆಂಬರಿನಿಂದ ಅವನ ಬಳಿ ತಯಾರಿತ್ತು. ನೀನು ಒಂದು ಮಾತು ಹೇಳುವುದಷ್ಟೇ ಬಾಕಿ."

ಹಿಂದೆ ಸರಿಯುತ್ತಿದ್ದ ಲಾಜರಸ್ ನಿಂತ. "ನೀವು... ನೀವು ನನಗೆ ಹೇಳಲಿಲ್ಲ ಸರ್" ಎಂದ. ಈ ಮನೆಯಲ್ಲಿ ಅವನು ಆಡಿದ ಅತಿ ಗಟ್ಟಿಯಾದ ಮಾತು ಅದೇ.

"ಹೇಗೆ ಹೇಳಲಿ? ನೀನು ಕೇಳದೆ ಇರುವಾಗ ಹೋಗು ಎಂದರೆ, ನೀನು ನನಗೆ ಬೇಡ ಎಂದ ಹಾಗಾಗುತ್ತದೆ." ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದಿನಾ ಕಾದೆ. ಇವತ್ತು ಕೇಳುತ್ತಾನೆ, ನಾಳೆ ಕೇಳುತ್ತಾನೆ ಎಂದು. ಮೊನ್ನೆ ಟೀ ಹೊತ್ತಿಗೆ ನಿನ್ನ ಫೋನು ಕೂಗಿದಾಗ ಖಂಡಿತ ಹೋಗುತ್ತಾನೆ ಎಂದುಕೊಂಡೆ. ನಿನ್ನ ಕೈ ಕೂಡ ಅಲುಗಲಿಲ್ಲ. ಆಗ ಗೊತ್ತಾಯಿತು, ನೀನು ನನ್ನ ಜೊತೆ ಇರುವುದನ್ನೇ ಆರಿಸಿಕೊಂಡಿದ್ದೀಯ ಎಂದು."

ಅವರು ಮೇಜು ಹಿಡಿದು ಎದ್ದು ನಿಂತರು. ರಾಜಮನೆತನದವರು ಬಂದರೆ ಮಾತ್ರ ಎದ್ದು ನಿಲ್ಲುವ ಮನುಷ್ಯ, ಬಟ್ಲರನ ಎದುರು ಎದ್ದು ನಿಂತು ಕೈ ಚಾಚಿದರು. ಕಣ್ಣು ತುಂಬಿತ್ತು.

"ನನ್ನ ಜೀವನದಲ್ಲಿ ನನಗಾಗಿ ಯಾರೂ ಇಷ್ಟು ಮಾಡಿಲ್ಲ, ಲಾಜರಸ್. ನಾನು ಇದನ್ನೆಲ್ಲ ಬೇರೆಯವರಿಗಾಗಿ ಮಾಡಿದ್ದೆ. ಅವರಲ್ಲಿ ಒಬ್ಬರೂ ಗಮನಿಸಲಿಲ್ಲ."

ಇಲ್ಲ ಸರ್, ನಾನು ಆರಿಸಿಕೊಳ್ಳಲಿಲ್ಲ, ನನಗೆ ಬಾಯಿ ಬರಲಿಲ್ಲ, ನನ್ನ ಮಗಳ ತಲೆಗೆ ಎಣ್ಣೆ ಮುಟ್ಟಿಸಬೇಕಿತ್ತು ಎಂದು ಕಿರುಚಬೇಕೆನಿಸಿತು. ಎದುರಿಗೆ ಎಂಬತ್ತು ದಾಟಿದ ಮುದುಕ ಕೈ ಚಾಚಿ ನಿಂತಿದ್ದಾರೆ, ಮಂಡಿ ನೋವಿದ್ದರೂ ಕೂರುತ್ತಿಲ್ಲ. ಲಾಜರಸ್ ಆ ಕೈಯನ್ನು ಹಿಡಿದುಕೊಂಡ. "ಥ್ಯಾಂಕ್ಯೂ ಸರ್" ಎಂದ.

ಅವತ್ತು ಮಧ್ಯಾಹ್ನ ಪಾತ್ರೆ ಒರೆಸುತ್ತಿರುವಾಗ ಹ್ಯಾಝೆಲ್ ಫೋನು ಬಂತು. ಗಂಡನ ಮನೆಯಲ್ಲಿದ್ದಳು, ಹಿಂದೆ ನೆಂಟರ ಗಲಾಟೆ ಕೇಳುತ್ತಿತ್ತು.

"ಪಪ್ಪ, ಮಮ್ಮಿ ಹೇಳಿದ್ಲು, ನೀವು ತುಂಬ ಬೇಜಾರಲ್ಲಿದ್ದೀರಂತೆ. ನೀವು ಎಂತ ಮಾಡ್ಲಿಕ್ಕಾಗ್ತದೆ? ನನಗೆ ನಿಮ್ಮ ಮೇಲೆ ಒಂಚೂರೂ ಸಿಟ್ಟಿಲ್ಲ. ಆ ಸರ್‌ನ ನಂಬರ್ ಕೊಡಿ, ಇಂಗ್ಲಿಷಲ್ಲಿ ಬೈಲಿಕ್ಕೆ ನನಗೆ ಚೆನ್ನಾಗಿ ಬರ್ತದೆ."

ಅವಳು ನಗುತ್ತಿದ್ದಳು. ಹ್ಞೂಂ ಎಂದಿದ್ದರೆ ಮುಗಿಯುತ್ತಿತ್ತು. ಬೆಳಿಗ್ಗೆ ಹಿಡಿದ ಆ ಕೈಯ ಬಿಸಿ ಇನ್ನೂ ಲಾಜರಸ್‌ನ ಕೈಯಲ್ಲಿತ್ತು. ಆ ಮುದುಕರ ಮೇಲೆ ಇನ್ನೂ ಒಂದು ಬೈಗುಳ ಹೊರಿಸಲು ಅವನಿಂದ ಆಗಲಿಲ್ಲ.

"ಅವರು ಆಗುದಿಲ್ಲ ಅನ್ಲಿಲ್ಲ ಬಾಯೆ" ಎಂದ, ಕೊಂಕಣಿಯಲ್ಲಿ ಹೆಣ್ಣುಮಗುವನ್ನು ಮುದ್ದಿನಿಂದ ಕರೆಯುವ ಹಾಗೆ.

"ಮತ್ತೆ?"

"ನಾನು ಕೇಳ್ಲೇ ಇಲ್ಲ. ವೀಸಾ, ಟಿಕೇಟು ಎಲ್ಲ ರೆಡಿ ಇತ್ತಂತೆ. ನಾನು ಕೇಳ್ಲಿಲ್ಲ."

ಹಿಂದಿನ ಗಲಾಟೆ ಕಡಿಮೆಯಾಯಿತು. ಅವಳು ಎಲ್ಲಿಗೋ, ಬಾಗಿಲು ಮುಚ್ಚಿದ ಕೋಣೆಗೆ ಹೋಗಿರಬೇಕು.

"ಒಂದು ಸರ್ತಿ ಸಹ ಕೇಳ್ಲಿಲ್ವಾ ಪಪ್ಪ?"

"ಇಲ್ಲ."

ಅಳುತ್ತಾಳೆ, ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ಒಳ್ಳೆಯದಿತ್ತು.

"ಮಮ್ಮಿಗೆ ಹೇಳ್ಬೇಡಿ" ಎಂದಳು ಕೊನೆಗೆ. "ಆ ಮುದುಕ ಬಿಡ್ಲಿಲ್ಲ ಅಂತ ಅವಳು ಇಡೀ ಊರಿಗೆ ಹೇಳಿಯಾಗಿದೆ. ಇವರ ಮನೇಲೂ ಹಾಗೇ ಹೇಳಿದ್ದು. ಅದು ಹಾಗೇ ಇರ್ಲಿ."

"ನಾನು ಬರ್ತೇನೆ ಬಾಯೆ. ಇವತ್ತೇ ಕೇಳ್ತೇನೆ. ಈ ವಾರವೇ ಹೊರಡ್ತೇನೆ."

"ಈಗ ಎಂತಕ್ಕೆ ಪಪ್ಪ?"

ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅದು. ಅವನು ಉತ್ತರ ಹುಡುಕುವಷ್ಟರಲ್ಲಿ ಅವಳು ನಾಡಿದ್ದು ಮಸ್ಕತ್‌ಗೆ ಹೊರಡುವುದನ್ನು ಹೇಳಿದಳು, ಚಳಿಯಲ್ಲಿ ಸ್ವೆಟರ್ ಹಾಕಿಕೊಳ್ಳಿ ಎಂದಳು, ಊಟ ಆಯಿತಾ ಎಂದು ಕೇಳಿದಳು. ಪರಿಚಯದ ಯಾವುದಾದರೂ ಅಂಕಲ್‌ನನ್ನು ಕೇಳುವ ಹಾಗೆ, ಬಹಳ ಮರ್ಯಾದೆಯಿಂದ.

"ಆಯ್ತು" ಎಂದ ಲಾಜರಸ್.

"ಸರಿ ಪಪ್ಪ, ಇಲ್ಲಿ ನೆಂಟರು ಕಾಯ್ತಿದ್ದಾರೆ, ಇಡ್ತೇನೆ" ಎಂದು ಅವಳು ಫೋನು ಇಟ್ಟಳು.